ಮೊಬೈಲ್ ಆ್ಯಪ್ ಡೆವಲಪರ್‌ಗಳಿಗೆ ಈಗಲೂ ಬೇಡಿಕೆ ಇದೆಯಾ?

ಇದೆ, ಆದರೆ ಎಲ್ಲರಿಗೂ ಇಲ್ಲ. 2008ರಲ್ಲಿ ಆ್ಯಪಲ್ ತನ್ನ ಆ್ಯಪ್ ಸ್ಟೋರ್ ತೆರೆದಾಗ ಅಲ್ಲಿದ್ದದ್ದು ಸುಮಾರು 500 ಆ್ಯಪ್. ಈಗ ಲಕ್ಷಗಟ್ಟಲೆ ಇವೆ. ನಾಲ್ಕು ಸ್ಕ್ರೀನ್ ಜೋಡಿಸಿ ಸರ್ವರ್‌ನಿಂದ ಡೇಟಾ ತಂದು ತೋರಿಸುವ ಕೆಲಸ ತುಂಬಾ ಜನಕ್ಕೆ ಬರುತ್ತದೆ, ಹಾಗಾಗಿ ಅಲ್ಲಿ ಪೈಪೋಟಿ ಜಾಸ್ತಿ.

ಕಂಪನಿಗಳಿಗೆ ಸುಲಭಕ್ಕೆ ಸಿಗದಿರುವುದು ಫೋನ್ ಒಳಗೆ ಏನಾಗುತ್ತದೆ ಅಂತ ಗೊತ್ತಿರುವವರು. ನೆಟ್‌ವರ್ಕ್ ಮಧ್ಯದಲ್ಲಿ ಹೋದರೂ ಟೈಪ್ ಮಾಡಿದ್ದು ಉಳಿಯಬೇಕು, ಬ್ಯಾಟರಿ ತಿನ್ನಬಾರದು, ಬ್ಯಾಕ್‌ಗ್ರೌಂಡ್‌ನಲ್ಲಿದ್ದ ಆ್ಯಪನ್ನು ಆಂಡ್ರಾಯ್ಡ್ ಮುಚ್ಚಿಬಿಟ್ಟರೂ ವಾಪಸ್ ತೆರೆದಾಗ ಬಿಟ್ಟ ಜಾಗದಿಂದಲೇ ಮುಂದುವರಿಯಬೇಕು, ಅದೂ ಕಡಿಮೆ ಮೆಮೊರಿಯ ಹಳೇ ಫೋನಿನಲ್ಲಿ. ವೆಬ್‌ಸೈಟಿನ ತಪ್ಪನ್ನು ತಕ್ಷಣ ಸರಿ ಮಾಡಬಹುದು. ಆ್ಯಪಿನ ತಪ್ಪು ಮಾತ್ರ ಜನ ಅಪ್‌ಡೇಟ್ ಮಾಡುವವರೆಗೂ ಅವರ ಫೋನಿನಲ್ಲೇ ಕೂತಿರುತ್ತದೆ, ಅಲ್ವಾ? ಅನುಭವಕ್ಕೆ ಬೆಲೆ ಬರುವುದು ಅದಕ್ಕೇ.

ಆಂಡ್ರಾಯ್ಡ್ ಆ್ಯಪ್ ಬರೆಯುವ ಭಾಷೆ ಕಾಟ್ಲಿನ್ ಅಥವಾ ಐಫೋನ್ ಆ್ಯಪ್ ಬರೆಯುವ ಭಾಷೆ ಸ್ವಿಫ್ಟ್, ಯಾವುದಾದರೂ ಒಂದನ್ನು ಆಳವಾಗಿ ಕಲಿಯಿರಿ. ಒಂದೇ ಕೋಡ್‌ನಿಂದ ಎರಡೂ ಬಗೆಯ ಫೋನಿಗೆ ಆ್ಯಪ್ ಮಾಡಿಕೊಡುವ ಫ್ಲಟರ್, ರಿಯಾಕ್ಟ್ ನೇಟಿವ್ ಬಂದ ಮೇಲೆ ಇವು ಬೇಕಿಲ್ಲ ಅನ್ನುವವರಿದ್ದಾರೆ, ನಾನಂತೂ ಒಪ್ಪುವುದಿಲ್ಲ: ಕ್ಯಾಮೆರಾ, ಬ್ಲೂಟೂತ್ ಅಂತ ಬಂದಾಗ ಎಷ್ಟೋ ಸಲ ನೇಟಿವ್ ಕೋಡ್‌ಗೇ, ಅಂದರೆ ಆಯಾ ಫೋನಿನ ಸ್ವಂತ ಭಾಷೆಯ ಕೋಡ್‌ಗೇ ಇಳಿಯಬೇಕಾಗುತ್ತದೆ. ಸುಮ್ನೆ ಸರ್ಟಿಫಿಕೇಟ್ ಕೂಡಿಹಾಕುವ ಬದಲು ಸ್ಟೋರಿನಲ್ಲಿ ನಿಮ್ಮದೇ ಒಂದು ಸಣ್ಣ ಆ್ಯಪ್ ಇರಲಿ, ಅದರ ಕ್ರ್ಯಾಶ್ ರಿಪೋರ್ಟ್ (ಆ್ಯಪ್ ಎಲ್ಲಿ ಇದ್ದಕ್ಕಿದ್ದಂತೆ ನಿಂತುಹೋಯಿತು ಅನ್ನುವ ವರದಿ) ನೋಡಿ ಏನೇನು ಸರಿ ಮಾಡಿದಿರಿ ಅಂತ ಇಂಟರ್‌ವ್ಯೂನಲ್ಲಿ ವಿವರಿಸಿ.