ಚಿತ್ರ ಬಿಡಿಸುವುದನ್ನೇ ನಿಲ್ಲಿಸಿದ ಏಳನೇ ಕ್ಲಾಸಿನ ಹುಡುಗ

ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಮಂಜೇಶ್ವರ ಕಡೆಯ ಕನ್ನಡ ಮಾಧ್ಯಮ ಶಾಲೆ, ಅಮ್ಮನ ಜೊತೆ ನನ್ನ ಹತ್ತಿರ ಬಂದ 12 ವರ್ಷದ ಹುಡುಗ. ಯಕ್ಷಗಾನದ ಬಣ್ಣದ ವೇಷ (ರಾಕ್ಷಸ ಪಾತ್ರಗಳು) ಅಂದ್ರೆ ಪ್ರಾಣ, ನೋಟ್‌ಬುಕ್ಕಿನ ಹಿಂದಿನ ಪುಟದಲ್ಲೆಲ್ಲ ಕಿರೀಟ, ಚುಟ್ಟಿ (ಮುಖದ ಮೇಲೆ ಇಡುವ ಅಕ್ಕಿಹಿಟ್ಟಿನ ಬಿಳಿ ಚುಕ್ಕೆಗಳು), ದೊಡ್ಡ ಮೀಸೆ. ಈಗ ಕೆಲವು ತಿಂಗಳಿಂದ ಒಂದು ಗೆರೆಯೂ ಇಲ್ಲ. ಶಾಲಾ ಮಕ್ಕಳ ಕಲಾ ಸ್ಪರ್ಧೆ, ಉಪಜಿಲ್ಲಾ ಕಲೋತ್ಸವಕ್ಕೆ ಹೆಸರು ಕೊಡು ಅಂದರೆ ಹೊಟ್ಟೆನೋವು. ಅಮ್ಮನಿಗೆ ಮೊಬೈಲ್ ಮೇಲೆ ಸಂಶಯ, ಡ್ರಾಯಿಂಗ್ ಮೇಷ್ಟ್ರ ಪ್ರಕಾರ ಸೋಮಾರಿತನ.

ಹುಡುಗನನ್ನು ಕೇಳಿದೆ. "ನಾನು ಬಿಡಿಸಿದ್ದು ಸಣ್ಣ ಮಕ್ಕಳು ಬಿಡಿಸಿದ ಹಾಗೆ ಕಾಣ್ತದೆ" ಎಂದ.

ಇದು ಸೋಮಾರಿತನ ಅಲ್ಲವೇ ಅಲ್ಲ. ಮಕ್ಕಳ ಚಿತ್ರಗಳು ಬೆಳೆಯುವ ಹಂತಗಳನ್ನು ಗುರುತಿಸಿದ ವಿಕ್ಟರ್ ಲೋವೆನ್‌ಫೆಲ್ಡ್ ಹೇಳಿದ್ದೂ ಇದನ್ನೇ: 9 ದಾಟಿದ ಮೇಲೆ ಇದ್ದದ್ದು ಇದ್ದ ಹಾಗೇ ಕಾಣಬೇಕು ಅನ್ನುವ ಆಸೆ ಹುಟ್ಟುತ್ತದೆ, 12ರ ಹೊತ್ತಿಗೆ ಮಗು ತನ್ನ ಚಿತ್ರಕ್ಕೆ ತಾನೇ ಕಠಿಣ ಪರೀಕ್ಷಕ ಆಗಿಬಿಡುತ್ತದೆ. ಕಣ್ಣು ಮುಂದೆ ಹೋಗಿರುತ್ತದೆ, ಕೈ ಇನ್ನೂ ಹಿಂದೆ. ಎಷ್ಟೋ ಜನ ಜೀವನಪೂರ್ತಿ ಪೆನ್ಸಿಲ್ ಕೆಳಗಿಡುವುದು ಇಲ್ಲೇ, ನನಗೆ ಬೇಸರ ಆಗುವುದೂ ಇಲ್ಲೇ.

ಒಂದು ಮುಖ ಬಿಡಿಸು ಎಂದೆ. ಕಣ್ಣು ಹಣೆ ಹತ್ತಿರ ಬಂತು, ಹೆಚ್ಚಿನ ಮಕ್ಕಳು ಮಾಡುವುದೇ ಹಾಗೆ. ಪೆನ್ಸಿಲ್ ಹಿಡಿದು ಅಮ್ಮನ ಮುಖ ಅಳೆಯಲು ಹೇಳಿದೆ. ಒಂದು ಕಣ್ಣು ಮುಚ್ಚಿ, ಕೈ ನೇರವಾಗಿ ಚಾಚಿ, ನೆತ್ತಿಯಿಂದ ಕಣ್ಣಿಗೆ ಒಂದು ಅಳತೆ, ಕಣ್ಣಿಂದ ಗದ್ದಕ್ಕೆ ಇನ್ನೊಂದು. ಹೆಚ್ಚುಕಡಿಮೆ ಸಮ. ನಂಬಲಿಲ್ಲ, ನನ್ನ ಮುಖವನ್ನೂ ಅಳೆದ!

ಮೇಷ್ಟ್ರಿಗೆ ಹೇಳಿದ್ದು ಜಾಸ್ತಿ. ಬೋರ್ಡ್ ಮೇಲೆ ಎರಡು ಗುಡ್ಡ, ನಡುವೆ ಸೂರ್ಯ ಬರೆದು ಕಾಪಿ ಮಾಡಿಸುವುದು ಈ ವಯಸ್ಸಿಗೆ ಸಾಲದು. ಕೈಯಲ್ಲಿ ಒಂದು ಹಲಸಿನ ಎಲೆ ಕೊಡಿ, ಹಾಳೆ ನೋಡದೆ ಅದರ ಅಂಚನ್ನಷ್ಟೇ ಕಣ್ಣಲ್ಲಿ ಹಿಂಬಾಲಿಸಿ ಗೆರೆ ಎಳೆಯಲಿ. ವೇಷದ ಫೋಟೋ ತಲೆಕೆಳಗೆ ಇಟ್ಟು ಬಿಡಿಸಲಿ, ಆಗ "ಇದು ಮೂಗು" ಎಂದು ನೆನಪಿನಿಂದ ಬರೆಯುವ ಬದಲು ಎದುರಿಗಿರುವ ಗೆರೆಯನ್ನೇ ನೋಡಬೇಕಾಗುತ್ತದೆ. ಇವಕ್ಕೆ ಮಾರ್ಕು ಬೇಡ. ಮಗುವಿನ ಹಾಳೆಯ ಮೇಲೆ ನಿಮ್ಮ ಪೆನ್ಸಿಲ್ ಇಡಬೇಡಿ, ತಿದ್ದುವುದಿದ್ದರೆ ಬೇರೆ ಕಾಗದದಲ್ಲಿ ತೋರಿಸಿ. ಸಾಧ್ಯವಾದರೆ ಒಂದು ಯಕ್ಷಗಾನದ ಆಟಕ್ಕೆ ಬೇಗ ಹೋಗಿ ಚೌಕಿಯಲ್ಲಿ, ಅಂದರೆ ಕಲಾವಿದರು ವೇಷ ಕಟ್ಟುವ ಜಾಗದಲ್ಲಿ, ಕೂರಿಸಿ. ಬಣ್ಣದ ವೇಷದವರು ಕನ್ನಡಿ ನೋಡ್ತಾ ಗಂಟೆಗಟ್ಟಲೆ ಚುಟ್ಟಿ ಇಡುವುದನ್ನು ಅವನು ನೋಡಲಿ.

ಅಮ್ಮನಿಗೆ ಹೇಳಿದ್ದು ಇಷ್ಟೇ: ಸುಮ್ನೆ "ಸೂಪರ್" ಅನ್ನಬೇಡಿ, ಅವನಿಗೆ ಗೊತ್ತಾಗುತ್ತದೆ. "ಈ ಮೀಸೆಯ ತಿರುವು ಹೇಗೆ ತಂದೆ?" ಎಂದು ಕೇಳಿ. ನೆಂಟರ ಮುಂದೆ ತೋರಿಸುವುದು ಬೇಡ. ಊಟ, ನಿದ್ದೆ, ಆಟದಲ್ಲೂ ಆಸಕ್ತಿ ಹೋದರೆ ಮಾತ್ರ ಕೂಡಲೇ ಮತ್ತೆ ಬನ್ನಿ, ಅದು ಬೇರೆ ವಿಷಯ.

ಕಲೋತ್ಸವ ಈ ವರ್ಷ ಬೇಡ ಎಂದೆ. ಎಂಟಕ್ಕೆ ಹೋದಮೇಲೆ ಅವನಾಗಿಯೇ ಕೇಳಿದರೆ ಹೆಸರು ಕೊಡಿ.