ಓದುಗರ ಪ್ರಶ್ನೆ: ಕುಡಿತ ಬಿಡಿಸುವ ಕೇಂದ್ರಕ್ಕೆ ಸೇರಿಸುವ ಮುನ್ನ

ಪ್ರಶ್ನೆ: ನಮ್ಮ ಯಜಮಾನರಿಗೆ 44 ವರ್ಷ. ದಿನಕ್ಕೆ ಮೂರು ಕ್ವಾರ್ಟರ್ ವಿಸ್ಕಿ ಬೇಕು. ಹೋದ ವರ್ಷ ಎಂಟು ದಿನದ ಮದ್ಯವರ್ಜನ ಶಿಬಿರ ಮುಗಿಸಿ ಬಂದು ಎರಡು ತಿಂಗಳು ಬಿಟ್ಟಿದ್ದರು, ಮತ್ತೆ ಶುರುವಾಯಿತು. ಈಗ ಒಂದು ಖಾಸಗಿ ಕೇಂದ್ರದವರು ತಾವೇ ಗಾಡಿ ತಂದು ಎತ್ತಿಕೊಂಡು ಹೋಗುತ್ತಾರಂತೆ. ಆರು ತಿಂಗಳು ಫೋನೂ ಇಲ್ಲ, ಭೇಟಿಯೂ ಇಲ್ಲವಂತೆ. ಒಪ್ಪಬಹುದೇ?
– ಗೃಹಿಣಿ, ತಿಪಟೂರು

ಉತ್ತರ: ಒಪ್ಪಬೇಡಿ. ಕುಡಿತದ ಚಟಕ್ಕೂ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಅನ್ವಯಿಸುತ್ತದೆ. ಇಷ್ಟವಿಲ್ಲದವರನ್ನು ಸೇರಿಸಬೇಕಾದರೆ ಮನೋವೈದ್ಯರೂ ಇನ್ನೊಬ್ಬ ತಜ್ಞರೂ ಬೇರೆ ಬೇರೆಯಾಗಿ ಪರೀಕ್ಷಿಸಿ ಅಗತ್ಯವಿದೆ ಎನ್ನಬೇಕು. ಹಾಗೆ ಸೇರಿಸಿದರೂ ಮೊದಲ ಅವಧಿ 30 ದಿನ ಮೀರುವಂತಿಲ್ಲ. ಸರಪಳಿ ಹಾಕುವುದು, ಒಂಟಿಯಾಗಿ ಕೂಡಿಹಾಕುವುದು ನಿಷಿದ್ಧ. ಮನೆಯವರೊಂದಿಗೆ ಮಾತಾಡುವುದು ರೋಗಿಯ ಹಕ್ಕು. ಕೇಂದ್ರದ ನೋಂದಣಿ ಪತ್ರ ತೋರಿಸಿ ಅನ್ನಿ. ಅಲ್ಲೇ ಅರ್ಧ ವಿಷಯ ತಿಳಿಯುತ್ತದೆ.

ಇನ್ನರ್ಧ ತಿಳಿಯಲು ಒಂದೇ ಪ್ರಶ್ನೆ ಸಾಕು: ಮೊದಲ ವಾರ ರಾತ್ರಿ ಹೊತ್ತು ಯಾರಿರುತ್ತಾರೆ? ಇಷ್ಟು ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಆರೆಂಟು ಗಂಟೆಯಲ್ಲಿ ಕೈ ನಡುಕ, ಬೆವರು. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದಲ್ಲಿ ಕೆಲವರಿಗೆ ಇಲ್ಲದ್ದು ಕಾಣುತ್ತದೆ, ದಿಕ್ಕು ತಪ್ಪುತ್ತದೆ. ಚಿಕಿತ್ಸೆ ಸಿಗದಿದ್ದರೆ ಪ್ರಾಣಕ್ಕೇ ಅಪಾಯ. ಇದಕ್ಕೆ ಭಜನೆ, ಉಪದೇಶ ಸಾಲದು. ಡಯಾಜೆಪಾಮ್ ಗುಂಪಿನ ಮಾತ್ರೆ ಕೊಟ್ಟು, ಐದರಿಂದ ಹತ್ತು ದಿನಗಳಲ್ಲಿ ಹಂತಹಂತವಾಗಿ ಇಳಿಸಬೇಕು. ಲಿವರ್ ಕೆಟ್ಟಿದ್ದರೆ ಲೋರಾಜೆಪಾಮ್ ಕೊಡುವುದು ವಾಡಿಕೆ. ಜೊತೆಗೆ ಥಯಾಮಿನ್ (ವಿಟಮಿನ್ ಬಿ1) ಇಂಜೆಕ್ಷನ್. ಸುಸ್ತೆಂದು ಬರೀ ಗ್ಲೂಕೋಸ್ ಬಾಟಲಿ ಏರಿಸುವುದು ನಮ್ಮ ಕ್ಲಿನಿಕ್‌ಗಳ ಹಳೆಯ ಚಾಳಿ. ದೇಹದಲ್ಲಿ ಉಳಿದಿರುವ ಚೂರುಪಾರು ಥಯಾಮಿನ್ ಅದರಿಂದ ಖರ್ಚಾಗಿ ನಡಿಗೆ, ನೋಟ, ನೆನಪು ಹದಗೆಡಬಹುದು.

ಇಷ್ಟು ವ್ಯವಸ್ಥೆ ಅಲ್ಲಿಲ್ಲದಿದ್ದರೆ ಮೊದಲು ಜಿಲ್ಲಾಸ್ಪತ್ರೆಯ ಮನೋವೈದ್ಯರಿಗೋ ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರಕ್ಕೋ ತೋರಿಸಿ. ನಡುಕ, ಬೆವರು ಪೂರ್ತಿ ಇಳಿದ ಮೇಲೆ ವಸತಿ ಕೇಂದ್ರ. ಶಿಬಿರ ವ್ಯರ್ಥವಾಯಿತು ಅನ್ನಬೇಡಿ, ಎರಡು ತಿಂಗಳು ಬಿಟ್ಟದ್ದು ಸಣ್ಣದಲ್ಲ. ಶಿಬಿರದ ನಂತರದ ವಾರದ ಸಭೆ, ವೈದ್ಯರ ಭೇಟಿ ಎರಡೂ ನಿಂತಿದ್ದವೇ, ನೋಡಿ. ಮತ್ತೆ ಗ್ಲಾಸ್ ಹಿಡಿಯುವುದು ಹೆಚ್ಚಾಗಿ ಅಂಥ ತಿಂಗಳುಗಳಲ್ಲೇ. ಸಲಹೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಉಚಿತವಾಗಿ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ಕುಡಿತ ಬಿಡಿಸುವ ಮಾತ್ರೆಯನ್ನು ಅಣ್ಣನಿಗೆ ಗೊತ್ತಾಗದಂತೆ ಸಾರಿನಲ್ಲಿ ಬೆರೆಸಬಹುದೇ?
– ಓದುಗರು, ಗದಗ

ಉತ್ತರ: ಖಂಡಿತ ಬೇಡ. ನೀವು ಹೇಳುತ್ತಿರುವುದು ಡೈಸಲ್ಫಿರಾಮ್ ಇರಬೇಕು. ಅದು ಮೈಯಲ್ಲಿರುವಾಗ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಬಡಿತ ಏರಿ ಬಿಪಿ ಕುಸಿಯುತ್ತದೆ. ಹೃದಯದ ತೊಂದರೆ ಇದ್ದವರು ಸಾಯಲೂಬಹುದು. ಅದನ್ನು ಅಣ್ಣ ಒಪ್ಪಿದ ಮೇಲೆ, ಲಿವರ್ ಪರೀಕ್ಷೆ ಆದ ಮೇಲೆ, ಕೊನೆಯ ಗುಟುಕಿನಿಂದ ಕನಿಷ್ಠ 12 ಗಂಟೆ ಬಿಟ್ಟು ವೈದ್ಯರೇ ಶುರುಮಾಡಬೇಕು. ಆಲ್ಕೋಹಾಲ್ ಇರುವ ಕೆಮ್ಮಿನ ಸಿರಪ್, ದಶಮೂಲಾರಿಷ್ಟದಂಥ ಅರಿಷ್ಟಗಳೂ ಆಗ ಬೇಡ. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರ ಇದೇ ಎಚ್ಚರ ಇರಲಿ.