ಪಂಚಾಯಿತಿ ಚುನಾವಣೆಗೆ ಒಬ್ಬನೇ ನಿಲ್ಲಲೋ, ಗುಂಪು ಸೇರಲೋ? ಈ ಸಲ ಬ್ಯಾಲೆಟ್ ಪೇಪರ್ ಅಂತೆ, ಅದರಿಂದ ತೊಂದರೆ ಆಗುತ್ತಾ?

ನಿಮ್ಮ ಪ್ರಶ್ನೆ ಓದಿದೆ. ನಿಮಗೆ ಬೆಂಗಳೂರಲ್ಲಿ ಕೆಲಸ, ಊರಲ್ಲಿ ತೋಟ, ವಾರ್ಡಿನಲ್ಲಿ 3 ಸ್ಥಾನ, ಒಂದು ಗುಂಪಿನವರು ಬಾ ಅಂತ ಕರೀತಿದ್ದಾರೆ. 2020ರ ನವೆಂಬರಿನಲ್ಲಿ ನಾನೂ ಇದೇ ಯೋಚನೆಯಲ್ಲಿದ್ದೆ. ನಮ್ಮದು ತಿಪಟೂರು ಕಡೆಯ ಹಳ್ಳಿ. ನಿಂತೆ, 9 ಮತದಲ್ಲಿ ಸೋತೆ.

ಬ್ಯಾಲೆಟ್ ಪೇಪರಿನ ವಿಷಯ ಮೊದಲೇ ಮುಗಿಸಿಬಿಡ್ತೇನೆ. ನೀವು ಓದಿರುವುದು 2025ರ ಸೆಪ್ಟೆಂಬರಿನ ಸುದ್ದಿ. ಸ್ಥಳೀಯ ಸಂಸ್ಥೆಗಳ ಚುನಾವಣೆಯನ್ನು ಮತಪತ್ರದಲ್ಲೇ ನಡೆಸಿ ಅಂತ ರಾಜ್ಯ ಸಚಿವ ಸಂಪುಟ ರಾಜ್ಯ ಚುನಾವಣಾ ಆಯೋಗಕ್ಕೆ ಶಿಫಾರಸು ಮಾಡಿತು. ಅದು ದೊಡ್ಡ ಬದಲಾವಣೆಯೇ, ಆದರೆ ಬಟನ್ ಒತ್ತಿ ಅಭ್ಯಾಸವಾಗಿರುವ ಬೆಂಗಳೂರಿನಂಥ ಊರಿಗೆ. ಗ್ರಾಮ ಪಂಚಾಯಿತಿಗೆ ಅದರಲ್ಲಿ ಹೊಸದೇನೂ ಇಲ್ಲ. 2020ರಲ್ಲೂ ನಾವು ಕಾಗದದ ಮೇಲೇ ಸೀಲು ಒತ್ತಿದ್ದು. ಬೀದರ್ ಜಿಲ್ಲೆಯಲ್ಲಿ ಮಾತ್ರ ಯಂತ್ರ ಇತ್ತು. ಹಾಗಾಗಿ ಯಂತ್ರ ಇದ್ದಿದ್ದರೆ ಒಳ್ಳೇದಿತ್ತು ಅನ್ನೋ ಚಿಂತೆ ಸುಮ್ನೆ ದಂಡ. ನನ್ನನ್ನು ಕೇಳಿದರೆ ಕಾಗದವೇ ಇರಲಿ. ನಾನು ಯಾಕೆ ಸೋತೆ ಅಂತ ಕಣ್ಣಾರೆ ನೋಡಿದ್ದು ಕಾಗದ ಇದ್ದದ್ದರಿಂದ. ಯಂತ್ರವಾಗಿದ್ದರೆ ಬರೀ ಒಂದು ಸಂಖ್ಯೆ ತೋರಿಸಿ ಸುಮ್ಮನಾಗುತ್ತಿತ್ತು.

ಈಗ ಕಥೆಗೆ ಬರ್ತೇನೆ.

ನಮ್ಮ ವಾರ್ಡಿಗೆ ಬಂದಿದ್ದು ಒಂದು ಪರಿಶಿಷ್ಟ ಜಾತಿ, ಒಂದು ಸಾಮಾನ್ಯ ಮಹಿಳೆ, ಒಂದು ಸಾಮಾನ್ಯ ಸ್ಥಾನ. ಕಣದಲ್ಲಿ 8 ಜನ. ಹಳೇ ಮೆಂಬರ ಕಡೆಯವರು ಮೂರೂ ಸ್ಥಾನಕ್ಕೆ ಒಬ್ಬೊಬ್ಬರನ್ನು ನಿಲ್ಲಿಸಿ, ಮೂವರೂ ಒಂದೇ ಆಟೋದಲ್ಲಿ ಪ್ರಚಾರಕ್ಕೆ ಹೊರಟರು. ಗ್ರಾಮ ಪಂಚಾಯಿತಿಗೆ ಪಕ್ಷದ ಚಿಹ್ನೆ ಇಲ್ಲ ಅನ್ನುತ್ತದೆ ಕಾನೂನು. ಯಾವ ಗುಂಪು ಯಾವ ಪಕ್ಷದ್ದು ಅನ್ನೋದು ಊರಿನ ಕೂಸಿಗೂ ಗೊತ್ತು, ಅದು ಬೇರೆ ಮಾತು. ನಾನು ಸಾಮಾನ್ಯ ಸ್ಥಾನಕ್ಕೆ ಒಬ್ಬನೇ ನಿಂತೆ. ಹೊಲಿಗೆ ಯಂತ್ರದ ಚಿಹ್ನೆ ಸಿಕ್ಕಿತು. ಯಾವ ಗುಂಪೂ ಬೇಡ, ಎಲ್ಲರಿಗೂ ಬೇಕಾದವನಾಗಿ ಗೆಲ್ಲಬೇಕು ಅಂತ ಆಸೆ. ಅದಕ್ಕೆ ತಕ್ಕ ಹಾಗೆ ಒಂದು ಮಾತನ್ನೂ ಹೊಸೆದುಕೊಂಡಿದ್ದೆ. ಪ್ರತಿ ಮನೆಯ ಜಗಲಿ ಮೇಲೆ ಕೂತು ಅದನ್ನೇ ಹೇಳುತ್ತಿದ್ದೆ:

"ನೀವು ಯಾರಿಗೆ ಬೇಕಾದ್ರೂ ಹಾಕಿ. ನನಗೂ ಒಂದು ಹಾಕಿ."

ನನ್ನನ್ನು ಸೋಲಿಸಿದ್ದು ಇದೇ ಮಾತು. ಸ್ವಲ್ಪ ಬಿಡಿಸಿ ಹೇಳ್ತೇನೆ. ಪಂಚಾಯಿತಿಗೆ ನಿಲ್ಲೋರು ಬ್ಯಾನರು, ಊಟ, ಗಾಡಿ ಅಂತ ತಲೆ ಕೆಡಿಸಿಕೊಳ್ತಾರೆ, ಇದನ್ನು ಮಾತ್ರ ಯಾರೂ ಲೆಕ್ಕಕ್ಕೇ ಇಟ್ಟುಕೊಳ್ಳಲ್ಲ.

ವಾರ್ಡಿನಲ್ಲಿ ಎಷ್ಟು ಸ್ಥಾನ ಇದೆಯೋ ಮತದಾರನಿಗೆ ಅಷ್ಟು ಮತ. ಒಬ್ಬ ಅಭ್ಯರ್ಥಿಗೆ ಒಂದೇ. ಮೂರು ಇದ್ದರೆ ಮೂವರಿಗೆ ಹಾಕಬಹುದು, ಇಬ್ಬರಿಗೆ ಹಾಕಿ ಬಿಡಬಹುದು, ಒಬ್ಬರಿಗೇ ಹಾಕಿ ಬರಬಹುದು. ನಾಲ್ಕನೆಯವರ ಮುಂದೆ ಸೀಲು ಬಿತ್ತೋ, ಆ ಚೀಟಿ ಪೂರ್ತಿ ಹೋಯಿತು. ನಾಲ್ಕನೆಯ ಮತ ಮಾತ್ರ ಹೋಗೋದಲ್ಲ, ನಾಲ್ಕೂ ಕುಲಗೆಟ್ಟ ಮತ. ಯಾವ ಮೂರನ್ನು ಎಣಿಸಬೇಕು ಅಂತ ಅಧಿಕಾರಿಗೆ ಹೇಗೆ ಗೊತ್ತಾಗಬೇಕು, ಅಲ್ವಾ?

ಈಗ ನನ್ನ ಮಾತನ್ನು ಇನ್ನೊಮ್ಮೆ ಓದಿ. ಆ ಮೂವರ ಗುಂಪು ಬೆಳಿಗ್ಗೆಯೇ ಬಂದು "ನಮ್ಮ ಮೂವರಿಗೂ ಹಾಕಿ" ಅಂತ ಮಾತು ತಗೊಂಡು ಹೋಗಿದೆ. ಸಂಜೆ ನಾನು ಹೋಗಿ "ನನಗೂ ಒಂದು" ಅಂತ ಕೇಳ್ತೇನೆ. ಮೂರು ಕೊಟ್ಟ ಮೇಲೆ ಇನ್ನೊಂದು ಎಲ್ಲಿಂದ ಬರಬೇಕು? ಯಾರದ್ದಾದರೂ ಬಿಡಿ ಅಂತ ನಾನು ಹೇಳಲೇ ಇಲ್ಲ. ಬಾಯಿಬಿಟ್ಟು ಇನ್ನೊಬ್ಬರದ್ದು ಬಿಡಿಸಿದರೆ ಕೆಟ್ಟವನಾಗ್ತೇನೆ ಅಂತ ಸಂಕೋಚ. ನಮ್ಮ ಜನಕ್ಕೋ ದಾಕ್ಷಿಣ್ಯ ಜಾಸ್ತಿ. ಮನೆಗೆ ಬಂದು ಕೈ ಮುಗಿದವನಿಗೆ ಇಲ್ಲ ಅನ್ನಲ್ಲ. ಮದುವೆ ಮನೆ ಪಂಕ್ತಿಯಲ್ಲಿ ಎಲ್ಲರ ಎಲೆಗೂ ಒಂದೊಂದು ಹೋಳಿಗೆ ಹಾಕಿದ ಹಾಗೆ ಕೇಳಿದವರಿಗೆಲ್ಲ ಒಂದೊಂದು ಸೀಲು ಒತ್ತಿ ಬಂದರು.

ಮತದಾನದ ದಿನವೇ ನನಗೆ ಗೊತ್ತಾಗಬೇಕಿತ್ತು. ನಮ್ಮ ಬೀದಿಯ ಅಜ್ಜಿಯೊಬ್ಬರು ಬೂತಿನಿಂದ ಹೊರಗೆ ಬಂದು, ಶಾಯಿ ಹಚ್ಚಿದ ಬೆರಳು ತೋರಿಸುತ್ತಾ ನನ್ನ ತೋಳು ಹಿಡಿದುಕೊಂಡರು. "ನಿಂಗೂ ಒತ್ತಿದೀನಿ ಕಣಪ್ಪ, ಅವ್ರಿಗೂ ಒತ್ತಿದೀನಿ. ಯಾರ್ಗೂ ಬೇಜಾರು ಮಾಡ್ಲಿಲ್ಲ" ಅಂದರು. ನಾನು ಖುಷಿಯಿಂದ ಕಾಲು ಮುಟ್ಟಿ ನಮಸ್ಕಾರ ಮಾಡಿದೆ!

ಡಿಸೆಂಬರ್ 30ಕ್ಕೆ ಎಣಿಕೆ. ತಾಲ್ಲೂಕು ಕೇಂದ್ರದ ಕಾಲೇಜಿನ ಕೊಠಡಿ, ಜಾಲರಿಯ ಆಚೆ ಟೇಬಲ್ಲು, ಈಚೆ ನಾವು. ಒಂದೇ ಚೀಟಿಯಲ್ಲಿ ಮೂವರ ಮತ ಇರುವುದರಿಂದ ಒಬ್ಬೊಬ್ಬರದ್ದು ಬೇರೆ ಬೇರೆ ಕಟ್ಟು ಕಟ್ಟೋಕೆ ಆಗಲ್ಲ. ಒಬ್ಬರು ಚೀಟಿ ಬಿಡಿಸಿ ಚಿಹ್ನೆ ಕೂಗುತ್ತಾರೆ, ಇನ್ನೊಬ್ಬರು ಹಾಳೆಯಲ್ಲಿ ಗೆರೆ ಎಳೆಯುತ್ತಾರೆ. ಮಧ್ಯೆ ಮಧ್ಯೆ ಕೂಗದೆ ಪಕ್ಕಕ್ಕೆ ಸರಿಸೋ ಚೀಟಿಗಳು. ಅನುಮಾನ ಬಂದು ತೋರಿಸಿ ಅಂದೆ. ಅಧಿಕಾರಿ ಒಂದೊಂದನ್ನೇ ಎತ್ತಿ ಹಿಡಿದರು. ಬಾಣದ ಗುರುತಿನ ಸೀಲು, ನೇರಳೆ ಶಾಯಿ, ಹೊಲಿಗೆ ಯಂತ್ರದ ಮುಂದೆ ಅಚ್ಚುಕಟ್ಟಾಗಿ ಬಿದ್ದಿದೆ. ಅದೇ ಚೀಟಿಯಲ್ಲಿ ಇನ್ನೂ ಮೂರು ಕಡೆ ಅಷ್ಟೇ ಅಚ್ಚುಕಟ್ಟಾಗಿ ಬಿದ್ದಿದೆ.

ಲೆಕ್ಕ ಗೊತ್ತಿರೋರು ಇಲ್ಲಿ ಒಂದು ಪ್ರಶ್ನೆ ಕೇಳ್ತಾರೆ. ಆ ಚೀಟಿಯಲ್ಲಿ ನಿನ್ನ ಎದುರಾಳಿಯ ಗುರುತೂ ಇತ್ತಲ್ಲ, ಅವನಿಗೂ ಹೋಯಿತಲ್ಲ, ಹಾಗಾದರೆ ನಿನಗೇನು ನಷ್ಟ? ನಮ್ಮ ದೊಡ್ಡಪ್ಪನ ಮಗನೂ ಅವತ್ತೇ ಇದನ್ನು ಕೇಳಿದ. ಹೌದು, ಬಹಳಷ್ಟರಲ್ಲಿ ಅವನದ್ದೂ ಇತ್ತು. ಆದರೆ ಎಲ್ಲದರಲ್ಲೂ ಇರಲಿಲ್ಲ. ಗುಂಪಿನ ಹೆಣ್ಣುಮಗಳಿಗೆ ಒಂದು, ಪರಿಶಿಷ್ಟ ಜಾತಿ ಸ್ಥಾನಕ್ಕೆ ನಿಂತಿದ್ದವರಿಗೆ ಒಂದು, ತಮ್ಮ ಸ್ವಂತ ನೆಂಟನಿಗೆ ಒಂದು, ನನಗೊಂದು. ಅವನನ್ನು ಬಿಟ್ಟು ನನಗೆ ಹಾಕಿದ್ದ ಇಂಥ ಚೀಟಿಗಳೇ 9ಕ್ಕಿಂತ ಜಾಸ್ತಿ ಇದ್ದವು. ಇನ್ನು ಇಬ್ಬರಿಗೂ ಹಾಕಿದ್ದ ಚೀಟಿ ನೋಡಿ. ಅವನ ಬದಲು ನನಗೆ ಹಾಕಿ ಅಂತ ನಾನು ಮೊದಲೇ ಕೇಳಿದ್ದರೆ, ಅದರಲ್ಲಿ ಅರ್ಧ ಜನ ಹಾಗೇ ಮಾಡುತ್ತಿದ್ದರು ಅಂತ ಇವತ್ತಿಗೂ ನಂಬಿದ್ದೇನೆ. ಅವನ ಮೇಲೆ ಊರಿಗೆ ಅಂಥ ಪ್ರೀತಿಯೇನೂ ಇರಲಿಲ್ಲ.

ತಕರಾರು ಅರ್ಜಿ ಹಾಕೋಣ ಅಂತ ವಕೀಲರ ಹತ್ತಿರ ಹೋದೆ. ಅದಕ್ಕೆ 30 ದಿನ ಅವಕಾಶ ಇದೆ. ಅವರು ಎಲ್ಲ ಕೇಳಿ, "ಅಧಿಕಾರಿ ಏನು ತಪ್ಪು ಮಾಡಿದ್ದಾರೆ ಹೇಳಿ" ಅಂದರು. ಏನೂ ಇರಲಿಲ್ಲ. ಎದ್ದು ಬಂದೆ.

ಹಾಗಾಗಿ ಒಬ್ಬನೇ ನಿಲ್ಲಲೋ ಗುಂಪು ಸೇರಲೋ ಅನ್ನೋ ಪ್ರಶ್ನೆಯೇ ನನಗೆ ಅಷ್ಟು ಮುಖ್ಯ ಅನ್ನಿಸಲ್ಲ. ಗುಂಪು ಸೇರಿದರೆ ಜನಕ್ಕೆ ಹೇಳೋದು ಸುಲಭ: ಈ ಮೂರು ಚಿಹ್ನೆ, ಮೂರೇ ಸೀಲು, ಮುಗೀತು. ಆದರೆ ಜೊತೆಗಾರ ರಾತ್ರಿ ಹೊತ್ತು ತನ್ನ ಕೇರಿಯಲ್ಲಿ "ನನಗೊಬ್ಬನಿಗೇ ಹಾಕಿ ಸಾಕು" ಅಂದರೆ ನಿಮಗೆ ಗೊತ್ತೂ ಆಗಲ್ಲ. ಒಬ್ಬನೇ ನಿಂತರೆ ಆ ಕಾಟ ಇಲ್ಲ, ಆದರೆ ನಿಷ್ಠುರ ಆಗೋಕೆ ತಯಾರಿರಬೇಕು. "ನಿಮಗಿರೋದು ಮೂರೇ. ಅದರಲ್ಲಿ ಒಂದು ನನಗೆ. ಇಂಥವನನ್ನು ಬಿಟ್ಟು ನನಗೆ ಹಾಕಿ" ಅಂತ ಹೆಸರು ಹಿಡಿದು ಕೇಳಬೇಕು. ಎಲ್ಲರಿಗೂ ಒಳ್ಳೆಯವನಾಗೋ ಆಸೆ ಇದ್ದರೆ ಊರ ಹಬ್ಬದ ಕಮಿಟಿ ಸೇರಿ, ಚುನಾವಣೆ ಬೇಡ. ಕರಪತ್ರಕ್ಕೆ ಕೊಡೋ ದುಡ್ಡಲ್ಲಿ ಅರ್ಧ ಕಡಿಮೆ ಮಾಡಿ, ಮನೆ ಮನೆಯಲ್ಲಿ ಒಂದು ಹಾಳೆ, ಒಂದು ಸೀಲು ಇಟ್ಟು ವಯಸ್ಸಾದವರ ಕೈಯಲ್ಲಿ ಒತ್ತಿಸಿ ತೋರಿಸಿ. ಎರಡು ಚಿಹ್ನೆಯ ಮಧ್ಯದ ಗೆರೆ ಮೇಲೆ ಬೀಳಬಾರದು, ಹೆಬ್ಬೆಟ್ಟು ಒತ್ತಬಾರದು ಅಂತಲೂ ಹೇಳಿ.

ನೀವು ಕೇಳದೇ ಇರೋ ಒಂದು ವಿಷಯವೇ ನಿಮಗೆ ಮೊದಲು ಅಡ್ಡ ಬರೋದು. ನಿಮ್ಮ ವೋಟರ್ ಐಡಿ ಬೆಂಗಳೂರಿನ ವಿಳಾಸದ್ದು ಅಂತ ಬರೆದಿದ್ದೀರಿ. ಆ ಪಂಚಾಯಿತಿಯ ಮತದಾರರ ಪಟ್ಟಿಯಲ್ಲಿ ಹೆಸರು ಇಲ್ಲದೆ ಅಲ್ಲಿ ನಿಲ್ಲೋಕೆ ಆಗಲ್ಲ. ಪಂಚಾಯಿತಿ ಪಟ್ಟಿ ತಯಾರಾಗೋದು ವಿಧಾನಸಭೆಯ ಪಟ್ಟಿಯಿಂದ. ನಿಜವಾಗಿಯೂ ಊರಿಗೆ ವಾಪಸ್ ಬರ್ತಿದ್ದರೆ ನಮೂನೆ 8 ಹಾಕಿ ಈಗಲೇ ಹೆಸರು ವರ್ಗ ಮಾಡಿಸಿ. 2022ರಿಂದ ವಿಳಾಸ ಬದಲಾವಣೆಗೂ ಅದೇ ನಮೂನೆ. ಬರೀ ಚುನಾವಣೆಗೋಸ್ಕರ ವಿಳಾಸ ಬದಲಿಸ್ತೀನಿ ಅಂದರೆ ನಾನು ಬೇಡ ಅಂತೇನೆ. ಊರಲ್ಲಿ ವಾಸ ಇಲ್ಲದ ಮೆಂಬರನ್ನು ಹುಡುಕಿಕೊಂಡು ಜನ ಬೆಂಗಳೂರಿಗೆ ಬರಬೇಕಾ?

ಮೀಸಲಾತಿ ಪಟ್ಟಿ ಕೈಗೆ ಬರೋ ತನಕ ಒಂದು ಪೈಸೆ ಖರ್ಚು ಮಾಡಬೇಡಿ. ವಾರ್ಡಿನ ಸ್ಥಾನಗಳು ಪ್ರತಿ ಸಲ ತಿರುಗುತ್ತವೆ, ಅರ್ಧ ಮಹಿಳೆಯರಿಗೆ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಗತಿ ನೋಡಿ. ಕೊನೆಯ ಚುನಾವಣೆ ಆಗಿದ್ದು 2016ರಲ್ಲಿ. 2021ರಲ್ಲಿ ಅವಧಿ ಮುಗಿಯಿತು. ಕ್ಷೇತ್ರ ವಿಂಗಡಣೆ, ಮೀಸಲಾತಿ ಕೆಲಸವನ್ನು ಅದೇ ವರ್ಷ ಕಾಯ್ದೆ ತಿದ್ದಿ ಚುನಾವಣಾ ಆಯೋಗದ ಕೈಯಿಂದ ತೆಗೆದು ಬೇರೆ ಆಯೋಗಕ್ಕೆ ಕೊಟ್ಟರು. ಐದು ವರ್ಷಕ್ಕೊಮ್ಮೆ ಚುನಾವಣೆ ಆಗಲೇಬೇಕು ಅಂತ ಸಂವಿಧಾನವೇ ಹೇಳಿದ್ದರೂ ಅದು ಮುಂದಕ್ಕೆ ಹೋಗುತ್ತಲೇ ಬಂತು. ಆಗ ಬಿಳಿ ಶರ್ಟು ಹೊಲಿಸಿಕೊಂಡ ಆಕಾಂಕ್ಷಿಗಳನ್ನು ನಮ್ಮ ತಾಲ್ಲೂಕಿನಲ್ಲೇ ನೋಡಿದ್ದೇನೆ.

ಠೇವಣಿಗೆ ಹೆದರಬೇಡಿ. ನಾನು ಕಟ್ಟಿದ್ದು 200 ರೂಪಾಯಿ, ಮಹಿಳೆಯರಿಗೆ, ಮೀಸಲು ವರ್ಗದವರಿಗೆ ಅದರ ಅರ್ಧ. ಎಣಿಕೆ ಏಜೆಂಟಾಗಿ ಮಾತ್ರ ಜೋರು ಬಾಯಿಯ ಗೆಳೆಯನನ್ನು ಕಳಿಸಬೇಡಿ. ಗೆರೆ ಎಳೆಯೋದನ್ನು ಕಣ್ಣು ಮಿಟುಕಿಸದೆ ನೋಡುವ, ತಾನೂ ಒಂದು ಹಾಳೆಯಲ್ಲಿ ಬರೆದುಕೊಳ್ಳುವ ಒಬ್ಬರನ್ನು ಕಳಿಸಿ. ಮರು ಎಣಿಕೆ ಬೇಕಿದ್ದರೆ ಫಲಿತಾಂಶ ಘೋಷಿಸುವ ಮೊದಲೇ ಬರೆದು ಕೊಡಬೇಕು, ಆಮೇಲೆ ಕೂಗಾಡಿದರೆ ಆಗಲ್ಲ. ಜೊತೆಗೆ ಊಟದ ಡಬ್ಬಿ ಕೊಟ್ಟು ಕಳಿಸಿ, ನಮ್ಮ ಎಣಿಕೆ ಮುಗಿಯೋಷ್ಟರಲ್ಲಿ ರಾತ್ರಿ ಬಹಳ ಹೊತ್ತಾಗಿತ್ತು.

ಪಟ್ಟಿ ಬಂದ ಮೇಲೆ ನಿಮ್ಮ ವಾರ್ಡಿಗೆ ಯಾವ ಮೂರು ಸ್ಥಾನ ಬಂತು ಅಂತ ಇಲ್ಲೇ ಬರೆಯಿರಿ. ಯಾರನ್ನು ಬಿಡಿ ಅಂತ ಜನರನ್ನು ಕೇಳಬೇಕು ಅನ್ನೋದು ಆಮೇಲೆ ನೋಡೋಣ.